ನೊರೆ ರೊಟ್ಟಿ, ಶ್ರಾವಣದ ವೈನು

ಉಣ್ಣಲು ಬಂದವರಿಗೆ ಬುದ್ಧಿ ಕಲಿಸಲು ಹೊರಟ ಹೋಟೆಲಿನಲ್ಲಿ ದಿನಕ್ಕೊಂದು ತಮಾಷೆ ನಡೆಯದೆ ಇನ್ನೇನಾಗುತ್ತದೆ? ಜಮಖಂಡಿಯ ಖಾನಾವಳಿಯೊಂದರಲ್ಲಿ ನಾನು ಬಡಿಸುವವನು. ಮಾಲಕರ ತಾಯಿ ಬಡಿಯುತ್ತಿದ್ದ ಜೋಳದ ರೊಟ್ಟಿಗೆ ಜನ ಮುಗಿಬೀಳುತ್ತಿದ್ದರು. ಮಾಲಕರಿಗೆ ಅದು ಸಾಲಲಿಲ್ಲ. ಹಡಗಿನಲ್ಲಿ ಅಡುಗೆ ಮಾಡಿದವನೆಂದು ಬೆಂಗಳೂರಿನಿಂದ ಒಬ್ಬ ಶೆಫ್‌ನನ್ನು ತಂದು, ಅವ್ವನ ಒಲೆ ಆರಿಸಿದರು. ಅವ್ವ ಮುನಿಸಿಕೊಂಡಾಗ, "ಮಳಿಗಾಲದಾಗ ಇವ ಒಂದು ದೊಡ್ಡ ಊಟ ಮಾಡ್ತಾನ. ಮಂದಿ ಮೆಚ್ಚಲಿಲ್ಲಂದ್ರ ನಿನ್ನ ಒಲಿ ನಿನಗ" ಎಂದು ಮಾತು ಕೊಟ್ಟರು.

೧. ಗೆರೆ ಎಳೆದ ತಾಟು

ಹಿಪ್ಪರಗಿಯ ಕಬ್ಬಿನ ರೈತರೊಬ್ಬರು ಬಂದರು. ಶೆಫ್ ದೊಡ್ಡ ತಾಟಿನ ನಡುವೆ ಲಿಂಬೆಹಣ್ಣಿನಷ್ಟು ಎಣ್ಣೆಗಾಯಿ ಇಟ್ಟು, ಪಕ್ಕದಲ್ಲಿ ಬ್ರಷ್‌ನಿಂದ ಶೇಂಗಾ ಚಟ್ನಿಯ ಗೆರೆ ಎಳೆದ. ರೈತರು ಕೈಕಟ್ಟಿ ಕೂತೇ ಇದ್ದರು.

"ಯಾಕ್ರೀ, ಉಣವಲ್ರಿ?" ಎಂದೆ.

"ಚಟ್ನಿ, ಪಲ್ಯಾ ಹಚ್ಚಿ ಹೋದ್ಯಲ್ಲೋ ತಮ್ಮಾ. ಊಟ ಯಾವಾಗ ಬರ್ತೈತಿ?"

ಶೆಫ್ ಮೂಗು ಮುರಿದ. "ಅದೇ ಊಟ ಸರ್. ಕಣ್ಮುಚ್ಚಿ ಅನುಭವಿಸಬೇಕು."

"ಕಣ್ಣ ತೆರದ್ರೂ ಕಾಣವಲ್ದಲ್ಲೋ!" ಎಂದು ರೈತರು ಎದ್ದರು.

೨. ನೊರೆ

ಮುಂದೆ ಶೆಫ್ ಮಹಾಶಯ ರೊಟ್ಟಿಯನ್ನೇ ಅರೆದು ಕಡೆದು ನೊರೆ ಮಾಡಿದ. ಬನಹಟ್ಟಿಯ ಸೀರೆ ವ್ಯಾಪಾರಿಯೊಬ್ಬರ ಮುಂದೆ ಬಟ್ಟಲಿಟ್ಟೆ. ಅವರು ಚಮಚದಲ್ಲಿ ಎತ್ತಿ ನೋಡಿದರು, ಮೂಸಿದರು, ಮತ್ತೆ ಇಳಿಸಿದರು.

"ನೂಲಿಗೆ ಬಣ್ಣಾ ಹಾಕುವಾಗ ನಮ್ಮಲ್ಲೂ ಇಂಥಾ ನೊರಿ ಬರ್ತೈತಿ. ಆದ್ರ ನಾವು ಗಟಾರಕ್ಕ ಬಿಡ್ತೇವಿ."

೩. ದೊಡ್ಡ ಊಟ

ಕಾಲಕಾಲಕ್ಕೆ ಬೇರೆ ವೈನ್ ಕುಡಿಯಬೇಕಂತೆ, ಮಳೆಗಾಲಕ್ಕೆ ಕೆಂಪು. ದೊಡ್ಡ ಊಟಕ್ಕೆ ಶೆಫ್ ಆರಿಸಿದ ದಿನ ಮಾತ್ರ ಶ್ರಾವಣ ಸೋಮವಾರ! ಇಡೀ ವರ್ಷ ಕುಡಿಯುವವನೂ ಬಾಯಿಗೆ ಬೀಗ ಹಾಕುವ ತಿಂಗಳು. ಮಾಲಕರ ಮರ್ಯಾದೆಗೆಂದು ಸಂಜೆ ಜನ ಬಂದರು, ಅದೂ ಮುಂಜಾನೆಯಿಂದ ಉಪವಾಸವಿದ್ದು. ಒಬ್ಬರೂ ಗ್ಲಾಸು ಮುಟ್ಟಲಿಲ್ಲ.

"ಇದು ಬರೀ ದ್ರಾಕ್ಷಿ ರಸ ಸರ್" ಎಂದು ಶೆಫ್ ಗೋಗರೆದ.

ಮುಧೋಳದ ಜಮೀನ್ದಾರರ ಕಣ್ಣುಗಳು ಅರಳಿದವು. "ಹೌದಲ್ಲ, ಹಣ್ಣು ಉಪಾಸಕ್ಕ ನಡೀತೈತಿ!" ಎಲ್ಲರ ಕೈಗೂ ಗ್ಲಾಸು ಬಂತು. ಮಾಲಕರು ಗೆದ್ದೆನೆಂದು ಬೀಗಿದರು.

ಅಷ್ಟರಲ್ಲಿ ಒಳಗಿಂದ ಅವ್ವ ಬಂದರು. "ದ್ರಾಕ್ಷಿ ರಸಾನ? ತಡೀರೆಪಾ, ಮೊದಲ ದೇವರಿಗೆ ಎಡಿ ಹಿಡದು ಬರ್ತೇನಿ" ಎಂದು ಬಾಟಲಿ ಎತ್ತಿಕೊಂಡು ದೇವರ ಜಗಲಿಯತ್ತ ನಡೆದೇಬಿಟ್ಟರು.

ಮಾಲಕರು ಓಡಿ ಅಡ್ಡ ನಿಂತರು. "ಯವ್ವಾ, ಅದು ದೇವರಿಗೆ ನಡ್ಯಂಗಿಲ್ಲ!"

"ದೇವರಿಗೆ ನಡೀದದ್ದು ಇವರಿಗೆ ಹೆಂಗ ನಡೀತೈತಿ?"

ಗ್ಲಾಸುಗಳೆಲ್ಲ ಮೇಜಿಗಿಳಿದವು. "ನಾ ಬರೇ ವಾಸನಿ ನೋಡಾಕತ್ತಿದ್ದೆ ಬೇ" ಎಂದರು ಜಮೀನ್ದಾರರು.

ಅವ್ವ ಬಾಟಲಿ ಮಗನ ಕೈಗಿತ್ತು ಒಲೆ ಹಚ್ಚಿದರು. ರೊಟ್ಟಿ ಬಡಿಯುವ ಸದ್ದಿಗೆ ಹಸಿದವರೆಲ್ಲ ಸಾಲಾಗಿ ಕೂತರು. ಕಡೆಯಲ್ಲಿ ಶೆಫ್ ಕೂಡ ಬಂದು ಕೂತ. ನಾನು ಅವನ ತಾಟಿಗೆ ಒಂದು ಗೆರೆ ಚಟ್ನಿ ಹಚ್ಚಿ ಕೈಕಟ್ಟಿ ನಿಂತೆ.

"ಊಟ ಯಾವಾಗ ಬರುತ್ತೆ?" ಎಂದ.

"ಅದ ಊಟ ರೀ ಸಾಹೇಬ್ರ. ಕಣ್ಣ ಮುಚ್ಚರಿ."