ಗುರುಗಳ ಅಜ್ಜನ ಉಂಗುರ

ಉಂಗುರ ಹಾಕಿಕೊಂಡು ಮಲಗಿದ್ದೇ ತಪ್ಪಾಯಿತು. ತೆಗೆದು ತಲೆದಿಂಬಿನ ಕೆಳಗಿಟ್ಟಿದ್ದರೆ ಸ್ಟೋರಣ್ಣನ ಆ ದಿನವೂ ಉಳಿದೆಲ್ಲ ದಿನಗಳ ಹಾಗೆ ಯಾರ ಕಣ್ಣಿಗೂ ಬೀಳದೆ ಕಳೆದುಹೋಗುತ್ತಿತ್ತು. ಆದರೆ ಬಿಲ್ವಿದ್ಯೆಯ ಗುರುಗಳು ಹಿಂದಿನ ಸಂಜೆ ಅದನ್ನು ಅವನ ಅಂಗೈಯಲ್ಲಿಟ್ಟು, "ಉಂಗುರ ಬೇರೆ, ಬೆರಳು ಬೇರೆ ಅನ್ನೋ ಭಾವನೆ ಹೋಗ್ಬೇಕು" ಅಂದಿದ್ದರು. ಸ್ಟೋರಣ್ಣ ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮನುಷ್ಯ. ಬೆಳಗ್ಗೆ ಎದ್ದು ನೋಡಿದರೆ ಆ ಭಾವನೆ ನಿಜವಾಗಿಯೂ ಹೋಗಿತ್ತು. ಬಲಗೈ ಹೆಬ್ಬೆರಳು ಊದಿ, ಉಂಗುರ ಅದರ ಬುಡದಲ್ಲಿ ಹೂತುಕೊಂಡಿತ್ತು.

ಅದು ಶೋಕಿಯ ಉಂಗುರವಲ್ಲ. ಕುದುರೆಯ ಮೇಲೆ ಕೂತು ಬಾಣ ಬಿಡುವವರ ಹಳೇ ಪದ್ಧತಿಯಲ್ಲಿ ಬಿಲ್ಲಿನ ಹೆದೆಯನ್ನು ಮೂರು ಬೆರಳಿನಿಂದ ಎಳೆಯುವುದಿಲ್ಲ. ಹೆಬ್ಬೆರಳನ್ನು ಕೊಕ್ಕೆಯ ಹಾಗೆ ಮಡಿಸಿ ಹೆದೆಗೆ ಹಾಕಿ, ಅದರ ಉಗುರಿನ ಮೇಲೆ ತೋರುಬೆರಳನ್ನು ಒತ್ತಿ ಎಳೆಯಬೇಕು. ಹೆದೆ ಬೆರಳನ್ನು ಕೊಯ್ಯದಿರಲಿ ಎಂದು ಈ ಉಂಗುರ. ಮೊಟ್ಟೆಯಾಕಾರದ್ದು, ಒಂದು ಕಡೆ ಪುಟ್ಟ ನಾಲಿಗೆ ಚಾಚಿಕೊಂಡಿರುತ್ತದೆ. ಅಡ್ಡಲಾಗಿ ತೂರಿಸಿ ಕಾಲು ಸುತ್ತು ತಿರುಗಿಸಿದರೆ ನಾಲಿಗೆ ಬೆರಳಿನ ಒಳಮೈಗೆ ಬಂದು ಕೂರುತ್ತದೆ. ಸ್ಟೋರಣ್ಣನ ಹೊರಳಾಟದಲ್ಲಿ ಅದು ಇನ್ನೂ ಅರ್ಧ ಸುತ್ತು ತಿರುಗಿ, ನಾಲಿಗೆ ಉಗುರಿನ ಕಡೆಗೆ ಹೋಗಿ ಕೂತಿತ್ತು. ಹಾಗೆ ಕೂತ ಉಂಗುರದಿಂದ ಬೆನ್ನು ಕೆರೆದುಕೊಳ್ಳಬಹುದೇ ಹೊರತು ಬಾಣ ಬಿಡಲಾಗದು.

ಬಾಣ ಬಿಡಬೇಕಾಗಿದ್ದುದು ಅವತ್ತೇ ಸಂಜೆ. ಅವನ ಆಫೀಸಿನ ಪಕ್ಕದ ನೀರಿನ ಟ್ಯಾಂಕಿನ ಹಿಂದಿನ ಮೈದಾನದಲ್ಲಿ ಗುರುಗಳು ಒಂದು ಮುದಿ ಹೆಣ್ಣುಕುದುರೆ ಕಟ್ಟಿಕೊಂಡು ಮೂರು ತಿಂಗಳಿಂದ ಶಿಬಿರ ನಡೆಸಿದ್ದರು. ನಾಳೆ ಬೆಳಗ್ಗೆ ಅವರೂ ಕುದುರೆಯೂ ಲಾರಿ ಹತ್ತಿ ಬೇರೆ ಊರಿಗೆ ಹೊರಡುವವರು. ಇವತ್ತು ನೆಲದ ಮೇಲೆ ನಿಂತು ಬಿಟ್ಟ ಮೂರು ಬಾಣದಲ್ಲಿ ಒಂದಾದರೂ ಗುರಿಗೆ ತಗುಲಿದರೆ, ಕುದುರೆಯ ಮೇಲೆ ಒಂದು ಸುತ್ತು, ಒಂದು ಬಾಣ. ನಲವತ್ತೊಂಬತ್ತು ವರ್ಷದ ಸ್ಟೋರಣ್ಣ ದೊಡ್ಡವನಾದ ಮೇಲೆ ಹತ್ತಿದ ಅತಿ ಎತ್ತರದ ವಸ್ತು ಆಫೀಸಿನ ಸ್ಟೂಲು. ಚಿಕ್ಕಂದಿನಲ್ಲಿ ಛತ್ರಿಯ ಕಡ್ಡಿ ಬಗ್ಗಿಸಿ ಬಿಲ್ಲು ಮಾಡಿಕೊಂಡು ಗೋಡೆಯ ಮೇಲೆ ಕೂತು ಅದನ್ನೇ ಕುದುರೆ ಅಂದುಕೊಂಡಿದ್ದ ಹುಡುಗ ಅವನು. ಆ ಆಸೆ ನಡುವೆ ಎಲ್ಲೂ ಸಾಯದೆ ಉಳಿದಿತ್ತು ಎನ್ನುವುದು ಅವನಿಗೇ ಆಶ್ಚರ್ಯ.

"ರೀ, ಏನ್ರೀ ಇದು, ಬೆರಳೋ ಬದನೆಕಾಯೋ?" ಎಂದಳು ಹೆಂಡತಿ.

"ಅಜ್ಜನ ಉಂಗುರ ಕಣೇ. ಮೆಲ್ಲಗೆ ಹಿಡಿ."

"ಯಾವ ಅಜ್ಜ? ನಿಮ್ಮಜ್ಜ ಛತ್ರಿ ರಿಪೇರಿ ಮಾಡ್ತಿದ್ರು."

"ಗುರುಗಳ ಅಜ್ಜ. ಕಾಡುಕೋಣದ ಕೊಂಬಿಂದ ಮಾಡಿದ್ದಂತೆ. ನೂರು ವರ್ಷದ್ದು. ಇಷ್ಟು ಜನರಲ್ಲಿ ನಂಗೇ ಕೊಟ್ಟಿದಾರೆ."

ಆ ಕಡೆಯ ಮಾತು ಹೇಳುವಾಗ ಅವನ ದನಿ ಸ್ವಲ್ಪ ಒದ್ದೆಯಾಯಿತು. ಹೆಂಡತಿ ಸೋಪು ತಂದಳು. ಸೋಪಾದ ಮೇಲೆ ಎಣ್ಣೆ, ಎಣ್ಣೆಯಾದ ಮೇಲೆ ಮತ್ತೆ ಸೋಪು. ಉಂಗುರ ಜಪ್ಪಯ್ಯ ಅನ್ನಲಿಲ್ಲ.

ಅಷ್ಟರಲ್ಲಿ ಎದುರುಮನೆಯ ರಿಟೈರ್ಡ್ ಕಾಂಪೌಂಡರು ಕರೆಯದೇ ಬಂದರು. ಯಾರ ಮನೆಯಲ್ಲಿ ನೋವಿನ ಸದ್ದು ಕೇಳಿದರೂ ಅವರ ಮುಖ ಅರಳುತ್ತದೆ. "ದಾರ ತಗೊಂಬಾಮ್ಮ" ಎಂದು ಕೂತರು. ಉಂಗುರದ ಅಡಿಯಲ್ಲಿ ದಾರ ತೂರಿಸಿ, ಬೆರಳಿಗೆ ಬಿಗಿಯಾಗಿ ಸುತ್ತಿ, ಒಂದು ತುದಿಯಿಂದ ಬಿಚ್ಚುತ್ತ ಬಂದರೆ ಉಂಗುರ ತಾನಾಗಿ ಜಾರುತ್ತದೆಂಬುದು ಅವರ ವಿದ್ಯೆ. ಸುತ್ತಿದ್ದೇನೋ ಚೆನ್ನಾಗಿತ್ತು. ಬಿಚ್ಚುವಾಗ ದಾರ ಕಿತ್ತುಹೋಗಿ, ತುಂಡು ಉಂಗುರದೊಳಗೇ ಸಿಕ್ಕಿಕೊಂಡಿತು. ಈಗ ಉಂಗುರಕ್ಕೆ ಬಾಲವೂ ಬಂತು.

"ಕಟ್ ಮಾಡ್ಬೇಕು ಕಣಯ್ಯಾ" ಎಂದರು ಕಾಂಪೌಂಡರು.

"ಬೆರಳನ್ನಾ?"

"ಉಂಗುರಾನ."

"ಹಾಗಾದ್ರೆ ಬೇಡ ಸಾರ್" ಎಂದು ಸ್ಟೋರಣ್ಣ ಎದ್ದು ಆಫೀಸಿಗೆ ಹೊರಟ.

ನೀರು ಸರಬರಾಜು ಕಚೇರಿಯಲ್ಲಿ ಸ್ಟೋರಣ್ಣ ಉಗ್ರಾಣದ ಗುಮಾಸ್ತ. ಬಾಗಿಲಲ್ಲೇ ಹಾಜರಿಯ ಮೆಶೀನು. ಬಲಗೈ ಹೆಬ್ಬೆರಳನ್ನು ಒತ್ತಿದರೆ ನಮಸ್ಕಾರ ಎನ್ನುತ್ತದೆ. ಸ್ಟೋರಣ್ಣ ಒತ್ತಿದ. "ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ" ಎಂದಿತು. ಸೋಪಿಗೆ ಸುಕ್ಕಾಗಿ, ಎಣ್ಣೆಗೆ ಮಿಂಚಿ, ಊದಿಕೊಂಡ ಬೆರಳನ್ನು ಅದು ಮನುಷ್ಯರ ಬೆರಳೆಂದೇ ಒಪ್ಪಲಿಲ್ಲ. ಅವನು ಏಳು ಸಲ ಪ್ರಯತ್ನಿಸಿದ. ಎಂಟನೆಯ ಸಲಕ್ಕೆ ಮೆಶೀನಿನ ಗಾಜಿನ ತುಂಬ ಎಣ್ಣೆ ಬಳಿದು ಅದು ಬೇರೆಯವರನ್ನೂ ಗುರುತಿಸುವುದನ್ನು ನಿಲ್ಲಿಸಿತು. ಹಿಂದೆ ಹದಿನೈದು ಜನ ಹೆಬ್ಬೆರಳು ಎತ್ತಿಕೊಂಡು ನಿಂತು ಬಾಯಿಗೆ ಬಂದದ್ದನ್ನು ಅನ್ನತೊಡಗಿದರು. ಗದ್ದಲಕ್ಕೆ ಸಾಹೇಬರು ಹೊರಗೆ ಬಂದು, ಮೊದಲು ಗಾಜು ಒರೆಸಿಸಿದರು.

"ಸರ್, ನಾನು ಬಂದಿದೀನಿ" ಎಂದ ಸ್ಟೋರಣ್ಣ.

"ಮೆಶೀನು ಬಂದಿಲ್ಲ ಅಂತಿದೆಯಲ್ರೀ."

"ನಿಮ್ಮೆದುರಿಗೇ ನಿಂತಿದೀನಲ್ಲ ಸರ್."

"ನಾನು ನೋಡಿದ್ರೆ ಆಗಲ್ಲ, ಅದು ನೋಡ್ಬೇಕು. ಇವತ್ತು ನೀವು ಗೈರುಹಾಜರು. ಹೋಗಿ, ಒಳಗೆ ಕೆಲಸ ಮಾಡಿ."

ಗೈರುಹಾಜರಾದ ಸ್ಟೋರಣ್ಣ ಒಳಗೆ ಹೋಗಿ ದೀಪ ಹಾಕಿದ. ಉಗ್ರಾಣಕ್ಕೆ ಕಿಟಕಿಯಿಲ್ಲ. ಮೂರು ಗೋಡೆಗೂ ಪೈಪುಗಳು, ನಾಲ್ಕನೆಯದಕ್ಕೆ ಸ್ಟೋರಣ್ಣನ ಕುರ್ಚಿ. ಇಪ್ಪತ್ತೆರಡು ವರ್ಷದಲ್ಲಿ ಅವನು ಅಲ್ಲಿಂದ ಮನೆಗೆ ಒಂದು ಮೊಳೆ ಕೂಡ ಒಯ್ದವನಲ್ಲ. ಆದರೆ ಒಂದು ತಿಂಗಳಿಂದ ಅವನ ನೆಮ್ಮದಿ ಕೆಡಿಸಿದ ಸಂಗತಿಯೊಂದಿತ್ತು. ಕೆಳಗಿನ ಸಾಲಿನಲ್ಲಿದ್ದ ಮುಕ್ಕಾಲಿಂಚಿನ ಪ್ಲಾಸ್ಟಿಕ್ ಪೈಪೊಂದು ದಿನದಿನಕ್ಕೆ ಗಿಡ್ಡವಾಗುತ್ತಿತ್ತು. ಮೊದಮೊದಲು ಅವನು ತನ್ನ ಕನ್ನಡಕವನ್ನು ಸಂಶಯಿಸಿದ. ಆಮೇಲೆ ಇಲಿಯನ್ನು. ಅವತ್ತು ಅದು ಸಾಹೇಬರ ಕಣ್ಣಿಗೂ ಬಿತ್ತು. ಟೇಪು ಹಿಡಿಸಿ ಅಳೆದರೆ ಹತ್ತಡಿಯ ಪೈಪು ಏಳೂವರೆ ಅಡಿ ಇತ್ತು.

"ಕಳ್ಳತನ ಆಗೋಕೆ ಸಾಧ್ಯವೇ ಇಲ್ಲ ಸರ್" ಎಂದ ಸ್ಟೋರಣ್ಣ. "ಒಂದೊಂದು ಪೈಪಿನ ಬಾಯೊಳಗೂ ಪೆನ್ನಲ್ಲಿ ಮೂರು ಚುಕ್ಕಿ ಇಟ್ಟಿರ್ತೀನಿ. ಯಾರಿಗೂ ಗೊತ್ತಿಲ್ಲ. ಎಲ್ಲೇ ಕದ್ದೊಯ್ದರೂ ಆ ಚುಕ್ಕಿಯೇ ಹಿಡಿದುಕೊಡತ್ತೆ."

"ಕದ್ದೊಯ್ದಿಲ್ಲವಲ್ರೀ, ಪೈಪು ಇಲ್ಲೇ ಇದೆ. ಗಿಡ್ಡ ಆಗಿದೆ ಅಷ್ಟೇ. ಯಾಕೆ ಆಯ್ತು ಅಂತ ಸಂಜೆಯೊಳಗೆ ಬರೆದು ಕೊಡಿ."

ಸಾಹೇಬರು ಆಚೆ ಹೋದದ್ದೇ ತಡ, ಕಚೇರಿಯ ಪ್ಲಂಬರು ಒಳಗೆ ಬಂದ. ತಲೆ ನರೆತ, ಎಲ್ಲರಿಗೂ ಬೇಕಾದ ಮನುಷ್ಯ. ಅವನು ಸ್ಟೋರಣ್ಣನ ಬೆರಳನ್ನು ಹಿಡಿದು, ಉಂಗುರವನ್ನು ನೋಡಿದವನೇ ಮುಖ ಬಿಳಿಚಿಕೊಂಡು, "ಮುಕ್ಕಾಲಿಂಚು" ಎಂದು ಗೊಣಗಿದ.

"ಏನು?"

"ಮುಕ್ಕಾಲಿಂಚು ಊದಿದೆ ಅಂದೆ ಅಣ್ಣಾ. ಇರು, ಗರಗಸ ತರ್ತೀನಿ. ಒಂದೇ ನಿಮಿಷದ ಕೆಲಸ, ತುಂಡು ಕೂಡ ನಾನೇ ತಗೊಂಡು ಹೋಗಿ ಬಿಸಾಕ್ತೀನಿ."

"ಇದು ಗುರುಗಳ ಅಜ್ಜನ ಉಂಗುರ. ಬೇಕಾದ್ರೆ ಬೆರಳು ಕೊಯ್ಯಿ."

ಪ್ಲಂಬರು ಅಷ್ಟಕ್ಕೆ ಬಿಡಲಿಲ್ಲ. ಒಂದು ಗಂಟೆಯಲ್ಲಿ ಮೂರು ಸಲ ಗರಗಸ ಹಿಡಿದು ಬಂದ. ಮೂರನೆಯ ಸಲ ಸ್ಟೋರಣ್ಣ ರೇಗಿದ್ದಕ್ಕೆ ಗರಗಸವನ್ನು ಮೇಜಿನ ಮೇಲೇ ಬಿಟ್ಟು ಹೋದ. ಪರರ ಕಷ್ಟಕ್ಕೆ ಇಷ್ಟು ಮರುಗುವ ಜೀವವನ್ನು ಬೈದೆನಲ್ಲ ಎಂದು ಸ್ಟೋರಣ್ಣನಿಗೆ ಆಮೇಲೆ ಬೇಸರವಾಯಿತು.

ಟೈಪಿಸ್ಟ್ ಅಕ್ಕ ಎದುರಿನ ಜ್ಯೂಸ್ ಅಂಗಡಿಯಿಂದ ಮಗ್ಗಿನ ತುಂಬ ಐಸ್ ತರಿಸಿದಳು. ಅದರಲ್ಲಿ ಬಲಗೈ ಅದ್ದಿಕೊಂಡು, ಎಡಗೈಯಿಂದ ಸ್ಟೋರಣ್ಣ ಸಮಜಾಯಿಷಿ ಬರೆಯತೊಡಗಿದ. ಅಕ್ಷರಗಳು ಒಂದೊಂದೂ ಒಂದೊಂದು ದಿಕ್ಕಿಗೆ ಓಡಿದವು. ಊಟದ ಹೊತ್ತು ಕಳೆಯಿತು, ಐಸ್ ಕರಗಿತು, ಬೆರಳು ಮರಗಟ್ಟಿತು, ಊತ ಮಾತ್ರ ಹಾಗೇ ಇತ್ತು. ಕೊನೆಗೆ ಪತ್ರದಲ್ಲಿ ಉಳಿದದ್ದು ಒಂದೇ ವಾಕ್ಯ: "ಸದರಿ ಪೈಪು ಬಿಸಿಲಿನ ತಾಪಕ್ಕೆ ಕುಗ್ಗಿರಬಹುದೆಂದು ಊಹಿಸಲಾಗಿದೆ."

"ಇಲ್ಲಿ ಕಿಟಕಿಯೇ ಇಲ್ಲವಲ್ಲಣ್ಣ" ಎಂದಳು ಟೈಪಿಸ್ಟ್ ಅಕ್ಕ.

"ಸಾಹೇಬ್ರು ಅಷ್ಟೆಲ್ಲ ಯೋಚ್ನೆ ಮಾಡಲ್ಲಮ್ಮ" ಎಂದು ಸ್ಟೋರಣ್ಣ ಅದನ್ನು ಅವರ ಮೇಜಿನ ಮೇಲಿಟ್ಟು, ಉಗ್ರಾಣಕ್ಕೆ ಬೀಗ ಹಾಕಿ, ಮೈದಾನದ ಕಡೆ ನಡೆದ.

ಅಲ್ಲಿ ಆಗಲೇ ಬಾಣಗಳು ಹಾರುತ್ತಿದ್ದವು. ಹುಲ್ಲು ತುಂಬಿದ ಗೋಣಿಚೀಲದ ಗುರಿ, ಆಚೆ ಕಣ್ಣು ಅರೆಮುಚ್ಚಿ ನಿಂತ ಕುದುರೆ. ಮೋಟುಗೋಡೆಯ ಮೇಲೆ ಹೆಂಡತಿ ಕೂತಿದ್ದಳು. ಮೂರು ತಿಂಗಳಲ್ಲಿ ಅವಳು ಇದನ್ನು ನೋಡಲು ಬಂದದ್ದು ಇದೇ ಮೊದಲು. ಒಳ್ಳೆಯ ಸೀರೆ ಉಟ್ಟುಕೊಂಡು ಬಂದಿದ್ದಳು. ಅದನ್ನು ಕಂಡು ಸ್ಟೋರಣ್ಣ ಎಡಗೈಯಿಂದ ಅಂಗಿಯ ಕಾಲರು ಸರಿಮಾಡಿಕೊಂಡ. ಪಕ್ಕದಲ್ಲಿ ಕಾಂಪೌಂಡರೂ ಇದ್ದರು, ಕೈಯಲ್ಲಿ ದಾರದ ಉಂಡೆ ಸಮೇತ.

ಸ್ಟೋರಣ್ಣ ಗುರುಗಳ ಮುಂದೆ ತಲೆತಗ್ಗಿಸಿ ನಿಂತು ಕೈ ಚಾಚಿದ. "ತಪ್ಪಾಯ್ತು ಗುರುಗಳೇ. ಎಲ್ಲರೂ ಕತ್ತರಿಸು ಅಂದ್ರು. ನಾನು ಬಿಡ್ಲಿಲ್ಲ. ಇವತ್ತು ಆಫೀಸಲ್ಲಿ ಗೈರುಹಾಜರಾದೆ, ಆದರೂ ಬಿಡ್ಲಿಲ್ಲ."

ಗುರುಗಳು ದೊಡ್ಡ ಮೀಸೆಯ, ಗಂಭೀರ ದನಿಯ ಮನುಷ್ಯ. ಬೆರಳನ್ನು ತಿರುಗಿಸಿ ನೋಡಿದರು. ಜೇಬಿನಿಂದ ಇಕ್ಕುಳ ತೆಗೆದರು. ಸ್ಟೋರಣ್ಣ ಬೇಡ ಅನ್ನುವಷ್ಟರಲ್ಲಿ ಟಕ್ಕೆಂದು ನೂರು ವರ್ಷ ಎರಡು ಹೋಳಾಗಿ ನೆಲಕ್ಕೆ ಬಿತ್ತು. ಅವನು ಕಣ್ಣು ಮುಚ್ಚಿಕೊಂಡ. ಕಣ್ಣು ಬಿಟ್ಟಾಗ ಗುರುಗಳು ಒಂದು ತಗಡಿನ ಡಬ್ಬಿ ತೆರೆದು ಹಿಡಿದಿದ್ದರು. ಅದರ ತುಂಬ ಅಂಥವೇ ಉಂಗುರಗಳು.

"ಎಲ್ಲಾ ಅಜ್ಜಂದೇ" ಎಂದರು ಗುರುಗಳು, ದನಿ ತಗ್ಗಿಸಿ. "ಪೈಪು ಕಣಪ್ಪ. ಬಿಸಿ ಮಾಡಿ ಒತ್ತಿ, ಉಜ್ಜಿ, ಟೀ ಡಿಕಾಕ್ಷನ್‌ನಲ್ಲಿ ಕುದಿಸಿದ್ರೆ ಕೊಂಬಿನ ಬಣ್ಣ ಬರತ್ತೆ. ಪೈಪು ಅಂದ್ರೆ ಮೊದಲ ದಿನವೇ ಕಳೆದುಹಾಕ್ತೀರಿ. ಅಜ್ಜಂದು ಅಂದ್ರೆ ಜೋಪಾನ ಮಾಡ್ತೀರಿ. ನೀನು ಸ್ವಲ್ಪ ಹೆಚ್ಚೇ ಜೋಪಾನ ಮಾಡಿದೆ. ನಿನಗೆ ಕೊಟ್ಟದ್ದು ನಾನು ಮಾಡಿದ ಮೊಟ್ಟಮೊದಲನೇದು."

ಸ್ಟೋರಣ್ಣ ಬಗ್ಗಿ ಹೋಳನ್ನು ಎತ್ತಿಕೊಂಡ. ಒಳಮೈಯಲ್ಲಿ, ಬೆವರಿಗೂ ಎಣ್ಣೆಗೂ ಅಳಿಯದೆ, ಅವನದೇ ಪೆನ್ನಿನ ಮೂರು ಚುಕ್ಕಿಗಳಿದ್ದವು.

"ಪೈಪು ಯಾರು ಕೊಟ್ರು ಗುರುಗಳೇ?"

"ನಮ್ಮ ಭಾವಮೈದ. ನಿಮ್ಮ ಆಫೀಸಲ್ಲೇ ಪ್ಲಂಬರು. ಹಳೇ ತುಂಡುಗಳು ಬಿದ್ದಿರ್ತವಂತೆ, ಕೇಳಿದಾಗಲೆಲ್ಲ ಒಂದೊಂದು ಇಂಚು ತಂದು ಕೊಡ್ತಾನೆ. ಒಳ್ಳೇ ಮನುಷ್ಯ."

ಸ್ಟೋರಣ್ಣನಿಗೆ ಮೈ ಉರಿಯಿತು. ಯಾವುದಕ್ಕೆ ದಿನವಿಡೀ ಸಮಜಾಯಿಷಿ ಬರೆದೆನೋ ಆ ಮಾಲನ್ನು ಹೆಬ್ಬೆರಳಿಗೆ ಹಾಕಿಕೊಂಡು ಸಾಹೇಬರ ಮುಂದೆ ತಿರುಗಾಡಿದ್ದೆನಲ್ಲ ಎಂದು ನೆನೆದು ಆ ಉರಿಯ ನಡುವೆಯೇ ನಗು ಬಂತು. ಅಷ್ಟರಲ್ಲಿ ಕುದುರೆ ತಲೆಯೆತ್ತಿ ಅವನ ಕಡೆ ನೋಡಿತು. ಉರಿಯೂ ನಗೆಯೂ ಎರಡೂ ಹೋಗಿ ಹಳೇ ಆಸೆಯೊಂದೇ ಉಳಿಯಿತು. ಡಬ್ಬಿಗೆ ಕೈಹಾಕಿ ಒಂದೊಂದೇ ಉಂಗುರ ಹಾಕಿ ನೋಡಿದ. ಯಾವುದೂ ಊದಿದ ಬೆರಳಿನ ಗೆಣ್ಣು ದಾಟಲಿಲ್ಲ.

"ಬರಿ ಬೆರಳಲ್ಲಿ ಎಳೀತೀನಿ ಗುರುಗಳೇ."

"ಆ ಬೆರಳಲ್ಲಾ? ಬೇಡ. ಚರ್ಮ ಸುಲಿದು ಬರತ್ತೆ." ಗುರುಗಳು ಮೀಸೆ ನೀವಿಕೊಂಡರು. "ಒಂದಿಂಚಿನ ಪೈಪಿನ ತುಂಡು ಸಿಕ್ಕಿದ್ರೆ ಐದು ನಿಮಿಷದಲ್ಲಿ ನಿಂಗೊಂದು ಮಾಡಿ ಕೊಡ್ತಿದ್ದೆ. ಈಗೆಲ್ಲಿಂದ ತರೋದು. ಇನ್ನರ್ಧ ಗಂಟೆಗೆ ಬೆಳಕೂ ಹೋಗತ್ತೆ."

ಉಗ್ರಾಣದ ಬೀಗದ ಕೈ ಸ್ಟೋರಣ್ಣನ ಜೇಬಿನಲ್ಲಿತ್ತು. ಒಂದಿಂಚಿನ ಪೈಪುಗಳು ಬಲಗಡೆ ಗೋಡೆಗೆ, ಮೇಲಿನ ಸಾಲಿನಲ್ಲಿ, ಅರುವತ್ತು. ಇಪ್ಪತ್ತೆರಡು ವರ್ಷ ತಕ್ಕಡಿಯ ಒಂದು ತಟ್ಟೆಯಲ್ಲಿ, ಒಂದು ಇಂಚು ಇನ್ನೊಂದರಲ್ಲಿ. ಅವನು ಗೋಡೆಯ ಮೇಲಿನ ಸೀರೆಯನ್ನು ನೋಡಿದ, ಕುದುರೆಯನ್ನು ನೋಡಿದ, ಮುಳುಗುವ ಸೂರ್ಯನನ್ನು ನೋಡಿದ.

"ಎಲ್ಲಿಗ್ರೀ?" ಎಂದಳು ಹೆಂಡತಿ.

"ಐದೇ ನಿಮಿಷ ಕಣೇ. ಎದ್ದು ಹೋಗ್ಬೇಡ."

ನಾಳೆ ಬೆಳಗ್ಗೆ ಎಲ್ಲವನ್ನೂ ಬರೆದು ಒಪ್ಪಿಕೊಳ್ಳುತ್ತೇನೆ ಎಂದು ಓಡುತ್ತಲೇ ನಿರ್ಧಾರ ಮಾಡಿದ. ಆಫೀಸು ಖಾಲಿಯಾಗಿತ್ತು. ಪ್ಲಂಬರು ಬಿಟ್ಟುಹೋದ ಗರಗಸ ಮೇಜಿನ ಮೇಲೇ ಇತ್ತು. ದೀಪ ಹಾಕಿದರೆ ಯಾರಾದರೂ ನೋಡಿಯಾರೆಂದು ಬಾಗಿಲಿಂದ ಬಂದ ಬೆಳಕಿನಲ್ಲೇ ಪೈಪಿನ ತುದಿಯಿಂದ ಒಂದು ಇಂಚು ಅಳೆದು ಕೊಯ್ದ. ಅಳತೆ ಸರಿಯಿದೆಯೋ ನೋಡೋಣ ಎಂದು ತುಂಡನ್ನು ಹೆಬ್ಬೆರಳಿಗೆ ಒತ್ತಿ ತೂರಿಸಿದ. ಗೆಣ್ಣು ದಾಟಿ ಬುಡದಲ್ಲಿ ಹೇಳಿ ಮಾಡಿಸಿದ ಹಾಗೆ ಕೂತಿತು.

ಆಗ ದೀಪ ಹತ್ತಿತು. ಬಾಗಿಲಲ್ಲಿ ಸಾಹೇಬರು ನಿಂತಿದ್ದರು, ಕೈಯಲ್ಲಿ ಅವನ ಎಡಗೈ ಬರಹದ ಸಮಜಾಯಿಷಿ.

"ಈ ಕೋಣೆಗೆ ಬಿಸಿಲು ಎಲ್ಲಿಂದ ಬರತ್ತೆ ಅಂತ ನೋಡೋಣ ಅಂತ ಬಂದೆ" ಎಂದರು ಅವರು, ಗರಗಸವನ್ನೂ ನೆಲದ ಮೇಲಿನ ಪುಡಿಯನ್ನೂ ನೋಡುತ್ತ. "ಅಂದ ಹಾಗೆ ಇವತ್ತು ನೀವು ಆಫೀಸಿಗೇ ಬಂದಿಲ್ಲ ಅಲ್ವಾ?"

ಸ್ಟೋರಣ್ಣ ಬಲಗೈಯನ್ನು ಬೆನ್ನ ಹಿಂದೆ ಸರಿಸಿ, ಎಡಗೈಯಿಂದ ತುಂಡನ್ನು ಎಳೆದ. ಬರಲಿಲ್ಲ. ತಿರುಗಿಸಿ ಎಳೆದ. ಇನ್ನಷ್ಟು ಬಿಗಿಯಿತು. ಟ್ಯಾಂಕಿನ ಆಚೆಯಿಂದ ಕುದುರೆ ಕೆನೆದ ಸದ್ದು ಕೇಳಿತು. ಕೊಯ್ದದ್ದು ಪೈಪಿನ ತುದಿಯನ್ನು ಎಂಬುದೂ, ತುದಿಯೊಳಗೆ ತಾನೇ ಇಟ್ಟ ಚುಕ್ಕಿಗಳು ಎಷ್ಟು ಎಂಬುದೂ ಅವನಿಗೆ ಆಗ ನೆನಪಾಯಿತು.

"ಎಲ್ಲಿ, ಕೈ ತೋರಿಸಿ" ಎಂದರು ಸಾಹೇಬರು.

"ತೋರಿಸ್ತೀನಿ ಸರ್" ಎಂದ ಸ್ಟೋರಣ್ಣ. "ಅದಕ್ಕೆ ಮುಂಚೆ, ಎಲ್ಲಾದ್ರೂ ಒಂದು ಚೂರು ಸೋಪು ಸಿಗತ್ತಾ?"