ನನ್ನ ನಕ್ಷೆಯ ತಿರುವು

ಓದದವನಿಂದ ಮನೆಗೆ ಆಗುವ ಕೇಡು ಒಂದು ಪಾಲಾದರೆ ಓದಿದವನಿಂದ ಆಗುವುದು ನಾಲ್ಕು ಪಾಲು. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ಮಸ್ಕಿಯ ನಮ್ಮ ಮನೆಯ ಗೋಡೆಯಿಂದ ಕಲಿತೆ. ಅದು ನಿಜಾಮರ ಕಾಲ. ಹೈದರಾಬಾದಿನ ಒಂದು ಕಸುಬಿನ ಶಾಲೆಯಲ್ಲಿ ಮನೆಯ ನಕ್ಷೆ ಬರೆಯುವುದನ್ನೂ ಮನೆ ಕಟ್ಟುವುದನ್ನೂ ಉರ್ದುವಿನಲ್ಲಿ ಕಲಿಸುತ್ತಿದ್ದರು. ನನಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧಕ್ಕೆ ತಲೆಯಾಡಿಸುತ್ತಿದ್ದೆ. ಎರಡು ವರ್ಷ ಹೀಗೆ ತಲೆಯಾಡಿಸಿದ ಮೇಲೆ, ಪಾಸಾದ ಸನದು ಬೇಕಾದರೆ ಸ್ವಂತ ನಕ್ಷೆಯಂತೆ ಏನಾದರೂ ಕಟ್ಟಿ ತೋರಿಸು ಎಂದರು. ಹುಡುಗನ ಕೈಗೆ ಮನೆ ಕೊಡುವ ಹುಚ್ಚರು ಯಾರಿದ್ದಾರೆ? ಅಪ್ಪನಿಗೆ ಗಂಟುಬಿದ್ದು ನಮ್ಮ ಮನೆಯ ಮುಂಭಾಗವನ್ನೇ ಕೆಡವಿಸಿದೆ.

ಹಳೆಯ ಮನೆಯಲ್ಲಿ ತಲೆಬಾಗಿಲು, ಪಡಸಾಲೆಯ ಬಾಗಿಲು ಎರಡೂ ಒಂದೇ ಸಾಲಿನಲ್ಲಿದ್ದವು. ಬೀದಿಯಲ್ಲಿ ನಿಂತವನಿಗೆ ಒಳಗೆ ಉಣ್ಣುವವರ ತಾಟು ಕಾಣುತ್ತಿತ್ತು. ಮನೆಯ ಮಾನ ಮರೆಯಲ್ಲಿರಬೇಕು ಎಂದು ನಮ್ಮ ಉಸ್ತಾದರು ಹೇಳುತ್ತಿದ್ದರು. ಅದಕ್ಕೇ ನಾನು ತಲೆಬಾಗಿಲನ್ನು ಬದಿಗೆ ಸರಿಸಿ, ಎರಡು ಬಾಗಿಲುಗಳ ನಡುವೆ ಒಬ್ಬರ ಹಿಂದೊಬ್ಬರು ನಡೆಯುವಷ್ಟೇ ಅಗಲದ ಹಾದಿ ಎಳೆದು, ನಡುವೆ ಥಟ್ಟನೆ ಎಡಕ್ಕೆ ತಿರುಗಿಸಿದೆ. ಲಿಂಗಸುಗೂರಿನಿಂದ ಬಂದ ಗೌಂಡಿ ಹುಸೇನಸಾಬ, "ಮಣ್ಣಿಲೆ ಕಟ್ಟೋಣ್ರಿ, ಸಾಕು" ಎಂದ. ನಾನು ಕೇಳಬೇಕಲ್ಲ! ಬೆಲ್ಲದ ನೀರು ಹಾಕಿ ಅರೆದ ಸುಣ್ಣದ ಗಚ್ಚೇ ಆಗಬೇಕೆಂದೆ. ಆಯಿ, ಅಂದರೆ ಅಪ್ಪನ ಅವ್ವ, "ಹೋಳಿಗಿಗೆ ಇಲ್ಲದ ಬೆಲ್ಲ ಗ್ವಾಡಿಗೆ ತಿನ್ನಸಾಕತ್ತಾನ ನೋಡ್ರೆವ್ವಾ" ಎಂದು ನೆರೆಮನೆಗೆಲ್ಲ ಸಾರಿದಳು. ಒಂದು ದಿನ ಕೋಲೂರುತ್ತ ಬಂದು ತಿರುವಿನಲ್ಲಿ ನಿಂತಳು.

"ತಮ್ಮಾ, ನಾ ಹೊರಗ ಹೋಗೂದು ಹ್ಯಾಂಗೋ?"

"ಈಗ ಬಂದೆಲ್ಲಾ, ಹಂಗ. ನಡಕೋಂತ."

"ಕಡೀ ಸಲ ಹೋಗುವಾಗ ನಡಕೋಂತ ಹೋಗಾಕ ಬರತೈತೇನಲೇ, ಶಾಣ್ಯಾ?"

ನಾನು ನಕ್ಕುಬಿಟ್ಟೆ. ಮುದುಕರು ಎಲ್ಲದಕ್ಕೂ ಸಾವನ್ನೇ ಅಡ್ಡ ತರುತ್ತಾರೆ ಎಂದುಕೊಂಡೆ.

ಶಾಲೆಯವರು ಬಂದು ನೋಡಿ, ತಿರುವನ್ನು ವಿಶೇಷವಾಗಿ ಹೊಗಳಿ ಹೋದರು. ಅದಾಗಿ ಹದಿನೈದು ದಿನಕ್ಕೆ ಆಯಿ ತೀರಿಕೊಂಡಳು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಚಕ್ಕಳಬಕ್ಕಳ ಹಾಕಿಸಿ ಗೋಡೆಗೆ ಆನಿಸಿ ಕೂಡಿಸುತ್ತಾರೆ, ಕೂತಂತೆಯೇ ಒಯ್ದು ಕೂತಂತೆಯೇ ಮಣ್ಣು ಕೊಡುತ್ತಾರೆ. ಇದು ನನಗೆ ಬುದ್ಧಿ ತಿಳಿದಾಗಿನಿಂದ ಗೊತ್ತು. ನಕ್ಷೆ ಬರೆಯುವಾಗ ಮಾತ್ರ ಗೊತ್ತಿರಲಿಲ್ಲ. ಸಿಂಧನೂರಿನ ಬೀಗರೂ ಬಂದು ಸೇರಿದರು, ಬೀದಿಯಲ್ಲಿ ಹೆಣ ಕೂಡಿಸಿ ಒಯ್ಯುವ ಹೂವಿನ ವಿಮಾನ ಸಿದ್ಧವಾಯಿತು. ಹಿಡಿಯಷ್ಟಿದ್ದ ಮುದುಕಿಯನ್ನು ಮಣೆಯ ಮೇಲೆ ಕೂಡಿಸಿ, ಇಬ್ಬರು ಹಿಂದೆ ಮುಂದೆ ಹಿಡಿದು ಹೊರಟರು. ತಿರುವಿನಲ್ಲಿ ಮಣೆ ಸಿಕ್ಕಿಕೊಂಡಿತು. ಸೆಟೆದ ಮೊಣಕಾಲು ಗೋಡೆಗೆ ಬಡಿದು ಸದ್ದಾಯಿತು. ಬೀಗರೊಬ್ಬರು ಮೆಲ್ಲಗೆ, "ಹಿತ್ತಲ ಬಾಗಲಲೆ ಒಯ್ಯೋಣೇನ್ರಿ?" ಎಂದರು.

"ನಮ್ಮವ್ವ ಕಳ್ಳಿ ಅಲ್ಲ" ಎಂದ ಅಪ್ಪ. ಆಮೇಲೆ ನನ್ನ ಕಡೆ ತಿರುಗಿ, "ಮಂದಿ ಸಾಯತಾರಂತ ನಿಮ್ಮ ಸಾಲ್ಯಾಗ ಹೇಳಲಿಲ್ಲೇನು?" ಎಂದು ಕೇಳಿದ.

ಮಣ್ಣಿಗೆ ಬಂದಿದ್ದ ಹುಸೇನಸಾಬ ಹಾರೆ ತಗೊಂಡ. ಮೊದಲ ಏಟಿಗೆ ಹಾರೆಯೇ ಹಿಂದಕ್ಕೆ ಪುಟಿಯಿತು. "ಗಚ್ಚು ಭಾಳ ಛಲೋ ಕೂಡೈತ್ರಿ" ಎಂದ, ಪಾಪ, ಹಂಗಿಸುವುದಕ್ಕಲ್ಲ. ಜನ್ಮದಲ್ಲಿ ನನ್ನ ಕೆಲಸಕ್ಕೆ ಸಿಕ್ಕ ಅಷ್ಟು ನಿಜವಾದ ಹೊಗಳಿಕೆ ಅದೊಂದೇ, ಅದನ್ನು ಕೇಳಿ ಅತ್ತುಬಿಟ್ಟೆ. ನಾನೂ ಒಂದು ಹಾರೆ ಹಿಡಿದೆ. ಹೊತ್ತು ಇಳಿಯುವತನಕ ಆಯಿ ಹಣೆತುಂಬ ವಿಭೂತಿ ಹಚ್ಚಿಕೊಂಡು ಮತ್ತೆ ಪಡಸಾಲೆಯಲ್ಲಿ ಕಾಯುತ್ತ ಕೂತಿದ್ದಳು. ಕಡೆಗೆ ತಿರುವಿನ ಗೋಡೆಯಲ್ಲಿ, ಪಡಸಾಲೆಯ ಬಾಗಿಲಿಗೆ ನೇರವಾಗಿ, ಒಂದು ಸಂದಾಯಿತು. ಹಳೆಯ ಮನೆಯಲ್ಲಿ ಹೋಗುತ್ತಿದ್ದಂತೆಯೇ ಸೀದಾ ಹೊರಗೆ ಹೋದಳು.

ಸನದು ಆಮೇಲೆ ಬಂತು. ಸಂದು ಮುಚ್ಚಲು ಕಲ್ಲು ತಂದರೆ ಅವ್ವ, "ಮುಚ್ಚಬ್ಯಾಡೋ, ಇನ್ನಾ ನಾವೆಲ್ಲಾ ಅದೀವಿ" ಎಂದಳು. ಅಪ್ಪ, ಅವ್ವ ಇಬ್ಬರೂ ಅದರಲ್ಲೇ ಹೋದರು. ಈಗ ಸರದಿ ಯಾರದೆಂದು ಹೇಳಬೇಕಾಗಿಲ್ಲ. ಮೊನ್ನೆ ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಆ ಸಂದಿನಲ್ಲಿ ಮಣೆ ಹಾಕಿ, ಚಕ್ಕಳಬಕ್ಕಳ ಕೂತು ಅಳತೆ ನೋಡಿದೆ. ಎರಡೂ ತೊಡೆ ಗಚ್ಚಿಗೆ ಉಜ್ಜುತ್ತವೆ. ಅವತ್ತಿನಿಂದ ದಿನಕ್ಕೊಂದು ರೊಟ್ಟಿ ಬಿಟ್ಟಿದ್ದೇನೆ.