ಏಳನೆಯ ತಿರುವಿನ ನಂತರ ನಡೆದದ್ದು

ಇನ್ನೊಬ್ಬರ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವವನಿಗೆ ಒಂದು ದಿನ ತನ್ನದೇ ತಪ್ಪು ಎದುರಾದರೆ ಮುಖ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯುವುದಿಲ್ಲ. ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಇನ್ಸ್‌ಪೆಕ್ಟರ್. ಪೊಲೀಸ್ ಅಲ್ಲ, ಲೇತ್ ಯಂತ್ರದಿಂದ ಬಂದ ಉಕ್ಕಿನ ಪಿನ್ನುಗಳನ್ನು ಅಳೆದು, ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ 'ಫೇಲ್' ಎಂಬ ಕೆಂಪು ಚೀಟಿ ಕಟ್ಟುವವನು. ನನ್ನ ಕೈಯಿಂದ ಅತಿ ಹೆಚ್ಚು ಚೀಟಿ ಕಟ್ಟಿಸಿಕೊಂಡವನು ಲೇತಿನ ಸಂತೋಷ. "ಬಿಟ್ಬಿಡಿ ಸಾರ್, ಇಷ್ಟು ಯಾರಿಗ್ ಕಾಣ್ಸತ್ತೆ?" ಅನ್ನುತ್ತಾನೆ. "ನನಗೆ ಕಾಣ್ಸತ್ತಲ್ಲಪ್ಪ" ಅನ್ನುತ್ತೇನೆ. ಈ ಉತ್ತರದ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು.

ಕಳೆದ ತಿಂಗಳು ಕಾರ್ಖಾನೆಯ ನಾವು ಆರು ಜನ, ಸಂತೋಷನೂ ಸೇರಿ, ಪೀಣ್ಯದಿಂದ ಏರ್ಕಾಡು ಬೆಟ್ಟಕ್ಕೆ ಸೈಕಲ್ಲಿನಲ್ಲಿ ಹೊರಟೆವು. ಮೂರು ದಿನದ ದಾರಿ; ಸಾಮಾನಿಗೊಂದು ಟೆಂಪೊ. ಅತ್ತಿಬೆಲೆ ದಾಟುವ ಹೊತ್ತಿಗೇ ಸೈಕಲ್ಲಿನ ಸೀಟಿಗೂ ನನಗೂ ಮಾತು ನಿಂತಿತ್ತು. ಹೇಗೋ ಮೂರನೆಯ ದಿನ ಘಾಟಿಯ ಬುಡ ಮುಟ್ಟಿದೆ. ಮೇಲೆ ಇಪ್ಪತ್ತು ತಿರುವುಗಳು, ಪ್ರತಿಯೊಂದಕ್ಕೂ ನಂಬರಿನ ಫಲಕ. ಏಳನೆಯದರಲ್ಲಿ ಕಾಲು ನಡುಗಿತು, ಕಣ್ಣು ಕತ್ತಲೆಗಟ್ಟಿತು, ನಾನು ರಸ್ತೆಬದಿಯ ಕಲ್ಲಿನ ಮೇಲೆ ಕುಳಿತೆ. ಹಿಂದಿನಿಂದ ಟೆಂಪೊ ಬಂತು. "ಅತ್ಕಳಿ ಸಾರ್, ಯಾರ್ ನೋಡ್ತಾರೆ?" ಎಂದ ಡ್ರೈವರ್. ನನಗೆ ಕಾಣುತ್ತದೆ ಎನ್ನಬೇಕಿತ್ತು. ಬದಲಿಗೆ ಸೈಕಲ್ಲನ್ನು ಟೆಂಪೊಗೆ ಹಾಕಿಸಿದೆ. ಸ್ಟೌವಿಗೂ ಹಾಸಿಗೆ ಗಂಟಿಗೂ ನಡುವೆ ಮುದುಡಿ ಕುಳಿತು ಟಾರ್ಪಾಲು ಎಳೆದುಕೊಂಡೆ.

ಮುಂದಿದ್ದ ನಾಲ್ವರನ್ನು ಹಾಗೇ ದಾಟಿದೆವು. ಹದಿನಾಲ್ಕನೆಯ ತಿರುವಿನಲ್ಲಿ ಉಸಿರಾಡಲು ಟಾರ್ಪಾಲು ಸರಿಸಿದರೆ, ನೀರು ಕುಡಿಯುತ್ತ ನಿಂತಿದ್ದ ಸಂತೋಷ ಬಾಟಲಿ ಹಿಡಿದ ಹಾಗೇ ನನ್ನನ್ನೇ ನೋಡಿದ. ಹತ್ತೊಂಬತ್ತು ದಾಟಿದ ಮೇಲೆ ಇಳಿದು, ಪೊದೆಯ ಮರೆಯಲ್ಲಿ ಎಲ್ಲರೂ ಮುಂದೆ ಹೋಗುವವರೆಗೆ ಕಾದು, ಬೆವರು ಸಾಲದೆಂದು ಮುಖಕ್ಕೆ ನೀರು ಚಿಮುಕಿಸಿಕೊಂಡು, ಕೊನೆಯವನಾಗಿ ಪೆಡಲ್ ತುಳಿದು ಮೇಲೆ ಬಂದೆ. ಚಪ್ಪಾಳೆ, ಫೋಟೊ. ಫೋಟೊ ನನ್ನ ಹೆಂಡತಿಗೆ ಹೋಯಿತು. ಅವಳಿಂದ ಮನೆ ಮಾಲೀಕ ಮುನಿರಾಜಣ್ಣನಿಗೆ.

ನಾಗಸಂದ್ರಕ್ಕೆ ಮರಳಿದಾಗ ನಮ್ಮ ಬೀದಿಯ ಬಾಯಲ್ಲೇ ಫ್ಲೆಕ್ಸ್. "ಏರ್ಕಾಡಿನ ಇಪ್ಪತ್ತು ತಿರುವುಗಳನ್ನು ಸೈಕಲ್ಲಿನಲ್ಲಿ ಗೆದ್ದ ನಮ್ಮ ಬೀದಿಯ ಹುಲಿ." ಹುಲಿಗಿಂತ ದೊಡ್ಡದಾಗಿ, ಕೈ ಮುಗಿದುಕೊಂಡು, ಮುನಿರಾಜಣ್ಣ.

ಮರುದಿನ ಸಂತೋಷ ಕೆಲಸ ಮುಗಿಸಿ ನನ್ನ ಜೊತೆಗೇ ಬಂದು ಅದರ ಕೆಳಗೆ ನಿಂತ. ನಿಧಾನವಾಗಿ ಓದಿದ.

"ಸಾರ್, ಇದನ್ನ ಪಾಸ್ ಮಾಡ್ತೀರಾ?"

ಅಷ್ಟೇ ಕೇಳಿದ. ಯಾರಿಗೂ ಹೇಳಿರಲಿಲ್ಲ, ಹೇಳುವವನೂ ಅಲ್ಲ. ಆದರೆ ಇನ್ನು ಮುಂದೆ ಅವನ ಪಿನ್ನಿಗೆ ಯಾವ ಕೈಯಿಂದ ಕೆಂಪು ಚೀಟಿ ಕಟ್ಟಲಿ?

ನೇರ ಮುನಿರಾಜಣ್ಣನ ಮನೆಗೆ ಹೋಗಿ ಎಲ್ಲ ಒಪ್ಪಿಕೊಂಡೆ. ಟಾರ್ಪಾಲನ್ನೂ ಬಿಡಲಿಲ್ಲ. ಫ್ಲೆಕ್ಸ್ ಇಳಿಸಿಬಿಡಿ ಎಂದೆ.

"ಇಳ್ಸಾದಾ? ನನ್ ಫೋಟೊ ಐತಲ್ಲ ಸಾರ್! ಎಷ್ಟು ತಿರುವು ನೀವೇ ತುಳಿದ್ರಿ, ಅದೇಳಿ."

"ಮೊದಲ ಏಳು, ಕೊನೆಯದೊಂದು. ಎಂಟು."

"ಅಷ್ಟೇ ತಾನೆ? ಅಂಗೇ ಮಾಡ್ಸನ ಬಿಡಿ."

ಬೆಳಗ್ಗೆ ನೋಡಿದರೆ 'ಇಪ್ಪತ್ತು' ಎಂಬಲ್ಲಿ 'ಎಂಟು' ಎಂಬ ಬಿಳಿ ಸ್ಟಿಕರ್. ಅದುವರೆಗೆ ಆ ಫ್ಲೆಕ್ಸನ್ನು ಓದಿದವನು ಸಂತೋಷನೊಬ್ಬನೇ. ಈಗ ಹಾಲಿನವನು, ಇಸ್ತ್ರಿಯವನು, ಮೆಟ್ರೊಗೆ ಓಡುವವರು ಎಲ್ಲರೂ ನಿಂತು ಓದುತ್ತಾರೆ. "ಮಿಕ್ಕ ಹನ್ನೆರಡು ಏನಾಯ್ತು ಸಾರ್?" ಎಂದು ಕೇಳುತ್ತಾರೆ. ನನ್ನ ಹೆಂಡತಿ ತರಕಾರಿಗೆ ಹಿಂದಿನ ಬೀದಿಯಿಂದ ಹೋಗುತ್ತಾಳೆ.

ಸಂತೋಷ ಮತ್ತೆ ಬಂದು ನೋಡಿದ. ತಲೆಯಾಡಿಸಿದ. ಆಮೇಲೆ ಒಂದು ಕಣ್ಣು ಮುಚ್ಚಿ, "ಸ್ಟಿಕರ್ ಒಂದ್ ಚೂರು ಓರೆ ಇದೆ ಸಾರ್" ಎಂದ.

ಓರೆಯಿತ್ತು. ಎಡಕ್ಕೆ ನಾಲ್ಕು ಮಿಲಿಮೀಟರ್. ಬೀದಿ ಖಾಲಿಯಿದ್ದಾಗ ಸ್ಟೂಲು ಹತ್ತಿ ಅಳೆದಿದ್ದೆ.

"ಬಿಟ್ಬಿಡಪ್ಪ," ಎಂದೆ, "ಅಷ್ಟು ಯಾರಿಗ್ ಕಾಣ್ಸತ್ತೆ?"